ಏರು ಮತ್ತು ಇಳಿಜಾರಿನ ಹೊಡೆತ (ಗಾಲ್ಫ್)

ಗಾಲ್ಫ್ ಆಟದಲ್ಲಿ ಚೆಂಡು ಸಮನೆಲ ಬಿಟ್ಟು ಓರೆ ನೆಲದಲ್ಲಿ ನಿಂತಾಗ ಹೊಡೆಯುವ ಹೊಡೆತ. ಆಟಗಾರನ ಎರಡು ಪಾದಗಳಲ್ಲಿ ಗುರಿಯ ಕಡೆಯದು ಎತ್ತರದಲ್ಲಿದ್ದರೆ ಅದು ಏರಿನ ಹೊಡೆತ, ತಗ್ಗಿನಲ್ಲಿದ್ದರೆ ಇಳಿಜಾರಿನದು. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲುನೆಲ) ಎತ್ತರದಲ್ಲಿದೆಯೇ ತಗ್ಗಿನಲ್ಲಿದೆಯೇ ಎಂಬುದು ಬೇರೆಯೇ ಪ್ರಶ್ನೆ: ಎತ್ತರದ ಗ್ರೀನಿಗೂ ಸಮನೆಲದಿಂದ ಹೊಡೆಯಬೇಕಾಗಿ ಬರಬಹುದು. ಚೆಂಡನ್ನು ಅದು ಇದ್ದಲ್ಲೇ ಆಡಬೇಕು ಎಂಬುದು ಗಾಲ್ಫಿನ ಮೂಲ ನಿಯಮ. ಅನುಕೂಲಕ್ಕೆಂದು ಕಾಲ ಕೆಳಗೆ ಮಣ್ಣು ಒಟ್ಟಿ ನಿಲುವನ್ನು ಸಮ ಮಾಡಿಕೊಳ್ಳುವಂತಿಲ್ಲ. ನೆಲವನ್ನು ತಿದ್ದುವಂತಿಲ್ಲವಾದ್ದರಿಂದ ಆಟಗಾರ ತಿದ್ದಿಕೊಳ್ಳಬಹುದಾದದ್ದು ತನ್ನ ನಿಲುವನ್ನು ಮತ್ತು ಕ್ಲಬ್ಬಿನ ಆಯ್ಕೆಯನ್ನು ಮಾತ್ರ. ಈ ಹೊಡೆತದ ಗೆಲುವು ಸೋಲು ಬಹುಪಾಲು ಸ್ವಿಂಗ್ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ.

ಕಾರಣ ಸರಳ ಲೆಕ್ಕದಲ್ಲಿದೆ. ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನಕ್ಕೆ ಲಾಫ್ಟ್ ಎನ್ನುತ್ತಾರೆ. ಐರನ್ ಎಂಬ ಲೋಹದ ಕ್ಲಬ್‌ಗಳಲ್ಲಿ ಅಕ್ಕಪಕ್ಕದ ಸಂಖ್ಯೆಯ ಎರಡರ ನಡುವೆ ಇದರ ಅಂತರ ಸುಮಾರು 4 ಡಿಗ್ರಿ. ಭುಜಗಳನ್ನು ನೆಲದ ಓರೆಗೆ ಸಮಾನಾಂತರವಾಗಿಟ್ಟು 5 ಡಿಗ್ರಿ ಏರಿನಲ್ಲಿ ನಿಂತರೆ 34 ಡಿಗ್ರಿಯ ಐರನ್ ಸುಮಾರು 39 ಡಿಗ್ರಿಯದರಂತೆ ವರ್ತಿಸುತ್ತದೆ: ಚೆಂಡು ಎತ್ತರಕ್ಕೆ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಅಷ್ಟೇ ಇಳಿಜಾರಿನಲ್ಲಿ ಅದೇ ಐರನ್ 29 ಡಿಗ್ರಿಗೆ ಇಳಿಯುತ್ತದೆ: ಚೆಂಡು ತಗ್ಗಿನಲ್ಲಿ ಹಾರಿ, ಬಿದ್ದ ಮೇಲೂ ಉರುಳುತ್ತಾ ಹೋಗುತ್ತದೆ. ಹೀಗಾಗಿ ಏರಿನಲ್ಲಿ 7ರ ಬದಲು ಕಡಿಮೆ ಲಾಫ್ಟಿನ 6ನೇ ಐರನ್, ಇಳಿಜಾರಿನಲ್ಲಿ ಹೆಚ್ಚು ಲಾಫ್ಟಿನ 8ನೆಯದು ಹಿಡಿಯಬೇಕು. ಚೆಂಡು ಎರಡೂ ಕಡೆ ಎತ್ತರದ ಪಾದದತ್ತ ಸ್ವಲ್ಪ ಸರಿದಿರಬೇಕು. ದಿಕ್ಕೂ ತಪ್ಪುತ್ತದೆ: ಬಲಗೈ ಆಟಗಾರನ ಮೈಭಾರ ಏರಿನಲ್ಲಿ ಹಿಂಗಾಲಲ್ಲೇ ಉಳಿದು ಕೈಗಳು ಬೇಗ ಹೊರಳುವುದರಿಂದ ಚೆಂಡು ಎಡಕ್ಕೆ ಹೋಗುತ್ತದೆ, ಇಳಿಜಾರಿನಲ್ಲಿ ಮೈ ಮುಂದೆ ಸಾಗಿ ಕ್ಲಬ್ಬಿನ ಮುಖ ತೆರೆದೇ ಉಳಿಯುವುದರಿಂದ ಬಲಕ್ಕೆ.

ಭುಜಗಳನ್ನು ಓರೆ ಮಾಡುವ ಬದಲು ಮೈಯನ್ನು ನೆಟ್ಟಗಿಟ್ಟು ದಿಬ್ಬದತ್ತ ಒರಗಿ ನಿಲ್ಲಬೇಕು, ಸಮತೋಲ ತಪ್ಪುವುದಿಲ್ಲ ಎಂಬ ವಾದವೂ ಇದೆ. ಕಡಿದಾದ ದಿಬ್ಬಗಳ ಮಟ್ಟಿಗೆ ಅದು ನಿಜ. ಆದರೆ ಸಾಧಾರಣ ಏರಿನಲ್ಲಿ ಹಾಗೆ ನಿಂತರೆ ಕ್ಲಬ್ ಎದುರಿನ ನೆಲಕ್ಕೆ ನಾಟಿಕೊಳ್ಳುತ್ತದೆ. ಇಳಿಜಾರಿನಲ್ಲಿ ಚೆಂಡಿನ ಹಿಂದಿನ ನೆಲವೇ ಎತ್ತರವಾದ್ದರಿಂದ ಮೊದಲು ಅದಕ್ಕೇ ತಗುಲುತ್ತದೆ. ಆದ್ದರಿಂದ ಒರಗಿ ನಿಲ್ಲುವುದನ್ನು ಅಪವಾದವೆಂದೇ ಎಣಿಸಬೇಕು. ಆಗ ಸ್ವಿಂಗ್ ಮೊಟಕುಗೊಳಿಸಿ, ದೂರದ ಆಸೆ ಬಿಡುವುದು ಲೇಸು.

ಮೈಸೂರಿನ ಆಟಗಾರನಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ವಿರಾಜಪೇಟೆ ಬಳಿಯ ಬಿಟ್ಟಂಗಾಲದಂಥ ಗುಡ್ಡಗಾಡಿನ ಮೈದಾನಕ್ಕೆ ಇದು ಸರಿ ಎನ್ನಬಹುದು. ಮೈಸೂರಿನಲ್ಲಾದರೋ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ 18 ಹೋಲ್‌ಗಳ ಮೈದಾನ ಇರುವುದು ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸಿನ ಮಗ್ಗುಲಲ್ಲಿ. ಬೆಟ್ಟದ ಮೇಲೆ ಅಲ್ಲ. ಆದರೆ ಅಪಾಯ ಹೆಚ್ಚಿರುವುದು ಕಣ್ಣಿಗೆ ಬೀಳದ ಓರೆಯಲ್ಲೇ. ಕಡಿದಾದ ದಿಬ್ಬ ತಾನಾಗಿಯೇ ಎಚ್ಚರಿಸುತ್ತದೆ. ಎರಡು ಮೂರು ಡಿಗ್ರಿಯ ಓರೆ ಎಚ್ಚರಿಸುವುದಿಲ್ಲ, ಆದರೂ ಅರ್ಧ ಕ್ಲಬ್ಬಿನಷ್ಟು ದೂರವನ್ನು ಬದಲಿಸಿಬಿಡುತ್ತದೆ. ಸಾಲದ್ದಕ್ಕೆ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ನಗರದ ಅಂಚಿನಲ್ಲಿ 1,000 ಮೀಟರಿಗೂ ಮೀರಿದ ಬೆಟ್ಟ ಎದ್ದು ನಿಂತಿರುವಾಗ, ಅದರ ಎದುರು ಸಣ್ಣ ಏರು ಸಮನೆಲವೆಂದೇ ಕಾಣಬಹುದು. ಇಂಥಲ್ಲಿ ಕಣ್ಣಿಗಿಂತ ಪಾದ ನಂಬಿಕಸ್ಥ. ಚೆಂಡಿನ ಪಕ್ಕದಲ್ಲಿ ಒಂದೆರಡು ಬಾರಿ ಬರಿದೇ ಸ್ವಿಂಗ್ ಮಾಡಿದರೆ ಯಾವ ಕಾಲಿನ ಮೇಲೆ ಭಾರ ಬೀಳುತ್ತಿದೆ, ಕ್ಲಬ್ ಹುಲ್ಲನ್ನು ಎಲ್ಲಿ ಸವರುತ್ತಿದೆ ಎರಡೂ ಗೊತ್ತಾಗುತ್ತವೆ.

ಮೇಲಿನ ಲೆಕ್ಕ ಎರಡೂ ಕಡೆ ಸಮನಾಗಿ ಕಂಡರೂ ಕಷ್ಟ ಸಮನಲ್ಲ. ಏರಿನಲ್ಲಿ ಕಳೆದುಕೊಂಡ ದೂರವನ್ನು ಉದ್ದ ಕ್ಲಬ್ ತುಂಬಿಕೊಡುತ್ತದೆ. ಎತ್ತರದಿಂದ ಬಿದ್ದ ಚೆಂಡು ಗ್ರೀನಿನಲ್ಲಿ ಬೇಗ ನಿಲ್ಲುತ್ತದೆ. ಇಳಿಜಾರಿನಲ್ಲಿ ಹೆಚ್ಚು ಲಾಫ್ಟಿನ ಕ್ಲಬ್ ಹಿಡಿದರೂ ಚೆಂಡಿನ ಹಿಂದಿನ ನೆಲದ ಅಡ್ಡಿ ತಪ್ಪುವುದಿಲ್ಲ. ಹೀಗಾಗಿ ಜಾಣ ಆಟಗಾರ ಹಿಂದಿನ ಹೊಡೆತವನ್ನೇ ಹತ್ತು ಗಜ ಕಡಿಮೆ ಮಾಡಿಯಾದರೂ ಚೆಂಡನ್ನು ಏರಿನಲ್ಲೋ ಸಮನೆಲದಲ್ಲೋ ನಿಲ್ಲಿಸಲು ನೋಡುತ್ತಾನೆ.