ಕಾಯ್ದೆ ಒಂದು, ಅಧಿಸೂಚನೆ ಹಲವು: ಭಾರತದ ಶಸ್ತ್ರಾಸ್ತ್ರ ಶಾಸನ ಸಾಗಿಬಂದ ದಾರಿ (1860–2021)

ಭಾರತದ ಬಂದೂಕು ನಿಯಂತ್ರಣದ ಚರಿತ್ರೆಯನ್ನು ಎರಡು ಕಾಯ್ದೆಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಪ್ರಜೆಗಳನ್ನು ನಿರಾಯುಧರನ್ನಾಗಿಸಿದ 1878ರ ವಸಾಹತು ಕಾಯ್ದೆ ಒಂದು, ಅದನ್ನು ರದ್ದುಗೊಳಿಸಿದ ಸ್ವತಂತ್ರ ಭಾರತದ 1959ರ ಕಾಯ್ದೆ ಇನ್ನೊಂದು. ಈ ನಿರೂಪಣೆ ತಪ್ಪಲ್ಲ, ಆದರೆ ಅಪೂರ್ಣ. ಯಾರ ಮನೆಯಲ್ಲಿ ಕೋವಿ ಇರಬಹುದು ಎಂಬುದನ್ನು ಒಂದೂವರೆ ಶತಮಾನದಿಂದ ಹೆಚ್ಚಾಗಿ ತೀರ್ಮಾನಿಸುತ್ತ ಬಂದಿರುವುದು ಕಾಯ್ದೆಯ ಬಲದಿಂದ ಸರ್ಕಾರ ಹೊರಡಿಸುವ ನಿಯಮಗಳು, ಅಧಿಸೂಚನೆಗಳು, ವಿನಾಯಿತಿಗಳು. ಶಾಸನಸಭೆ ತೆರೆದಿಟ್ಟ ಈ ಬಾಗಿಲು ಆಳ್ವಿಕೆ ಬದಲಾದರೂ ಮುಚ್ಚಲಿಲ್ಲ ಎಂಬುದು ಈ ಲೇಖನದ ವಾದ.

ವಸಾಹತು ಕಾಲದ ಅಡಿಪಾಯ

1857ರ ದಂಗೆಯ ಬೆನ್ನಲ್ಲೇ ಬ್ರಿಟಿಷರು ಜನರಿಂದ ಆಯುಧಗಳನ್ನು ಕಸಿದುಕೊಳ್ಳಲು ಮುಂದಾದರು. 1860ರ 31ನೇ ಕಾಯ್ದೆ ಅದಕ್ಕೆ ಶಾಸನದ ರೂಪ ಕೊಟ್ಟಿತು. ಲಾರ್ಡ್ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ ಬಂದ 1878ರ ಕಾಯ್ದೆ ಲೈಸೆನ್ಸ್ ಪದ್ಧತಿಯನ್ನು ಗಟ್ಟಿಗೊಳಿಸಿತು. ಈ ಕಾಯ್ದೆಯ ಜನಾಂಗ ತಾರತಮ್ಯ ನೆಲೆಸಿದ್ದು ಅದರ ಅಡಿಯಲ್ಲಿ ರಚಿಸಿದ ನಿಯಮಗಳಲ್ಲಿ. ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿದ್ದು ಆ ನಿಯಮಗಳ ಪಟ್ಟಿಯಿಂದ. ಕಾಯ್ದೆ ಎಲ್ಲರಿಗೂ ನಿಷೇಧ ಹೇರಿತು, ನಿಯಮ ಆಳುವವರನ್ನು ಅದರಿಂದ ಹೊರಗಿಟ್ಟಿತು.

ಇದೇ ವಿನಾಯಿತಿಯ ದಾರಿಯಲ್ಲಿ, 1878ರ ಕಾಯ್ದೆಗೂ ಮೊದಲೇ, ಕೊಡಗಿಗೂ ಒಂದು ಅಪವಾದ ದೊರೆತಿತ್ತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಹೊರಡಿಸಿದ ಆದೇಶ ಕೊಡವರನ್ನು ನಿರಾಯುಧೀಕರಣದಿಂದ ಹೊರಗಿಟ್ಟಿತು. ಕೊಡವರ ಮನೆಗಳಲ್ಲಿ ಕೋವಿ ಕುಲಾಚಾರದ ಭಾಗ. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಅಲ್ಲಿನ ಸಂಪ್ರದಾಯ. ಈ ಆಚಾರಕ್ಕೆ ಕಾನೂನಿನ ರಕ್ಷೆ ದೊರೆತದ್ದು ಆಡಳಿತದ ಒಂದು ಆದೇಶದಿಂದ.

ಹಕ್ಕಿನ ಬೇಡಿಕೆ, ಸಂವಿಧಾನದ ಉತ್ತರ

ಶಸ್ತ್ರ ಕಾಯ್ದೆಯ ವಿರೋಧ ರಾಷ್ಟ್ರೀಯ ಚಳವಳಿಯ ಹಳೆಯ ಬೇಡಿಕೆಗಳಲ್ಲಿ ಒಂದು. 1918ರಲ್ಲಿ ಖೇಡಾದಲ್ಲಿ ಸೇನಾ ಭರ್ತಿಗಾಗಿ ಹೊರಡಿಸಿದ ಕರಪತ್ರದಲ್ಲಿ ಗಾಂಧೀಜಿ ಅದನ್ನು ಕಟುವಾಗಿ ಖಂಡಿಸಿದ್ದರು. 1931ರ ಕರಾಚಿ ಕಾಂಗ್ರೆಸ್‌ನ ಮೂಲಭೂತ ಹಕ್ಕುಗಳ ನಿರ್ಣಯ, ಕಟ್ಟುಪಾಡುಗಳಿಗೆ ಒಳಪಟ್ಟು ಶಸ್ತ್ರ ಹೊಂದುವುದನ್ನು ನಾಗರಿಕರ ಹಕ್ಕುಗಳ ಸಾಲಿಗೆ ಸೇರಿಸಿತು.

ಆ ಹಕ್ಕು ಸಂವಿಧಾನಕ್ಕೆ ಸೇರಲಿಲ್ಲ. 1948ರ ಡಿಸೆಂಬರ್‌ನಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಸಂವಿಧಾನ ಸಭೆಯಲ್ಲಿ ಅದಕ್ಕಾಗಿ ತಿದ್ದುಪಡಿ ಮಂಡಿಸಿ, ಕರಾಚಿಯ ಮಾತನ್ನು ನೆನಪಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಇದನ್ನು ಮೂಲಭೂತ ಹಕ್ಕೆಂದರೆ ಕಳ್ಳಕಾಕರೂ ರೂಢಿಗತ ಅಪರಾಧಿಗಳೂ ಅದನ್ನೇ ಹಿಡಿದು ನಿಲ್ಲುತ್ತಾರೆ ಎಂಬುದು ಅವರ ವಾದವಾಗಿತ್ತು. ಕೊನೆಗೆ 19ನೇ ವಿಧಿಯಲ್ಲಿ ಉಳಿದದ್ದು ನಿರಾಯುಧರಾಗಿ, ಶಾಂತಿಯುತವಾಗಿ ಸಭೆ ಸೇರುವ ಹಕ್ಕು. ಶಸ್ತ್ರಾಸ್ತ್ರ ವಿಷಯ ಕೇಂದ್ರ ಪಟ್ಟಿಯ 5ನೇ ನಮೂದಿಗೆ ಹೋಯಿತು. ಶಾಸನ ಮಾಡುವ ಅಧಿಕಾರ ಸಂಸತ್ತಿಗೆ ಸೇರಿದರೂ ಅರ್ಜಿಯ ಮೇಲೆ ರುಜು ಹಾಕುವ ಕೆಲಸ ಬಹುಮಟ್ಟಿಗೆ ಜಿಲ್ಲಾಧಿಕಾರಿಯ ಕಚೇರಿಯಲ್ಲೇ ಉಳಿಯಿತು.

1959ರ ಕಾಯ್ದೆಯ ಒಳಗೆ

1959ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ 13ನೇ ಕಲಮನ್ನು ನಿಧಾನವಾಗಿ ಓದಬೇಕು. ಆತ್ಮರಕ್ಷಣೆಗೋ ಕ್ರೀಡೆಗೋ ಬಳಸುವ, ಕನಿಷ್ಠ 20 ಅಂಗುಲ ಉದ್ದದ ನುಣುಪು ನಳಿಗೆಯ ಕೋವಿ ಒಂದು ವರ್ಗ. ಬೆಳೆ ಕಾಯಲು ಬೇಕಾದ, ಬಾಯಿಯಿಂದ ಮದ್ದುಗುಂಡು ತುಂಬುವ ಕೋವಿ ಇನ್ನೊಂದು. ನಿರಾಕರಿಸಲು ಕಾಯ್ದೆಯಲ್ಲೇ ಹೇಳಿರುವ ಕಾರಣ ಇಲ್ಲದಿದ್ದರೆ ಇವೆರಡಕ್ಕೂ ಲೈಸೆನ್ಸ್ ಕೊಡಬೇಕು. ಬೇರೆ ಆಯುಧಗಳಿಗಾದರೆ ಅರ್ಜಿದಾರರಿಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಕಾಡುಹಂದಿ ಗದ್ದೆಗೆ ನುಗ್ಗುವ ಊರಿನ ರೈತನಿಗೂ ಪಟ್ಟಣದಲ್ಲಿ ಪಿಸ್ತೂಲು ಕೇಳುವವರಿಗೂ ನಡುವೆ ಕಾನೂನು ಇಲ್ಲಿ ಗೆರೆ ಎಳೆದಿದೆ. ಆದರೆ ಆ ಗೆರೆಯನ್ನು ಆಚರಣೆಗೆ ತರುವುದು ಠಾಣೆಯ ವರದಿ ಮತ್ತು ಅಧಿಕಾರಿಯ ವಿವೇಚನೆ.

41ನೇ ಕಲಮು ಇನ್ನೂ ಮುಖ್ಯ. ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಯಾವುದೇ ವ್ಯಕ್ತಿ ಅಥವಾ ವರ್ಗಕ್ಕೆ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. 1878ರ ಕಾಯ್ದೆಯಲ್ಲಿದ್ದ ವಿನಾಯಿತಿ ಅಧಿಕಾರ ಗಣರಾಜ್ಯದಲ್ಲಿ ಮುಂದುವರಿದದ್ದು ಹೀಗೆ. ಕೊಡವರು ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರ ವಿನಾಯಿತಿ ನಿಂತಿರುವುದೂ ಇದರ ಮೇಲೆಯೇ. ಅದರ ಸಿಂಧುತ್ವವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. ಆ ನಡುವೆ 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಅದನ್ನು ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಸದನದ ಗಮನ ಹೋದದ್ದೆಲ್ಲಿಗೆ

ಮುಂದಿನ ತಿದ್ದುಪಡಿಗಳಲ್ಲಿ ಎದ್ದು ಕಾಣುವುದು ಕೋವಿಗಳ ಸಂಖ್ಯೆ ಮತ್ತು ಶಿಕ್ಷೆಯ ಪ್ರಮಾಣ. 1983ರ ತಿದ್ದುಪಡಿ ಒಬ್ಬರಿಗೆ ಮೂರು ಕೋವಿ ಎಂದು ಮಿತಿ ಹಾಕಿತು. 1988ರ ತಿದ್ದುಪಡಿ, ನಿಷೇಧಿತ ಆಯುಧದ ಬಳಕೆಯಿಂದ ಸಾವು ಸಂಭವಿಸಿದರೆ ಮರಣದಂಡನೆ ಕಡ್ಡಾಯ ಎಂದಿತು. ನ್ಯಾಯಾಧೀಶರಿಗೆ ಆಯ್ಕೆಯೇ ಇಲ್ಲದ ಆ ಉಪಕಲಮನ್ನು ಸುಪ್ರೀಂ ಕೋರ್ಟ್ 2012ರಲ್ಲಿ, ದಲ್ಬೀರ್ ಸಿಂಗ್ ಪ್ರಕರಣದಲ್ಲಿ, ಅಸಾಂವಿಧಾನಿಕವೆಂದು ತಳ್ಳಿಹಾಕಿತು.

2019ರ ಮಸೂದೆ ನವೆಂಬರ್ 29ರಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಮಂಡಿಸಿದ ಕರಡಿನಲ್ಲಿ ಒಬ್ಬರಿಗೆ ಒಂದೇ ಕೋವಿ ಎಂದಿತ್ತು, ಅಂಗೀಕಾರವಾಗುವಾಗ ಅದು ಎರಡಾಯಿತು. ಡಿಸೆಂಬರ್ 9ರಂದು ಲೋಕಸಭೆ, ಮರುದಿನವೇ ರಾಜ್ಯಸಭೆ ಒಪ್ಪಿದವು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂಬ ಹೊಸ ಅಪರಾಧ ಸೇರಿತು. ಮೂರು ಕೋವಿ ಇದ್ದವರಿಗೆ ಹೆಚ್ಚುವರಿಯನ್ನು ಒಪ್ಪಿಸಲು ಒಂದು ವರ್ಷದ ಕಾಲಾವಕಾಶ ಸಿಕ್ಕಿತು. ಒಂದೋ ಎರಡೋ ಎಂಬುದು ಸದನದಲ್ಲಿ ತೀರ್ಮಾನವಾಯಿತು. ಅರ್ಜಿಯ ನಮೂನೆ, ತರಬೇತಿ, ದಾಸ್ತಾನಿನ ಷರತ್ತುಗಳು ಮೂರು ವರ್ಷ ಮೊದಲೇ, 2016ರ ನಿಯಮಗಳಲ್ಲಿ, ಗೃಹ ಸಚಿವಾಲಯದ ಮೇಜಿನ ಮೇಲೆ ರೂಪುಗೊಂಡಿದ್ದವು.

ಉಪಸಂಹಾರ

ವಿನಾಯಿತಿಯ ಅಧಿಕಾರವೇ ಕೆಟ್ಟದ್ದೆಂದು ಈ ಚರಿತ್ರೆ ಹೇಳುವುದಿಲ್ಲ. ಯುರೋಪಿಯನ್ನರ ಮೇಲರಿಮೆಯನ್ನು ಕಾಪಾಡಿದ್ದೂ, ಕೊಡಗಿನ ಆಚಾರವನ್ನು ಉಳಿಸಿದ್ದೂ ಒಂದೇ ಸಾಧನ. ಅದು ಯಾರ ಪರ, ಯಾವ ಕಾರಣಕ್ಕೆ, ಎಷ್ಟು ಕಾಲ ಎಂಬ ಪ್ರಶ್ನೆಗಳನ್ನು ಬಹಿರಂಗವಾಗಿ ಕೇಳಬೇಕು ಎಂಬುದಷ್ಟೇ ಇದರ ಪಾಠ. ಕೊಡಗಿನ ವಿನಾಯಿತಿಗೆ ಹತ್ತು ವರ್ಷಗಳ ಗಡಿ ಬಿದ್ದದ್ದು ಆ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. 1959ರ ಕಾಯ್ದೆಯ 44ನೇ ಕಲಮಿನ ಪ್ರಕಾರ ನಿಯಮಗಳನ್ನು ಉಭಯ ಸದನಗಳ ಮುಂದೆ 30 ದಿನ ಇಡಬೇಕು, ಅವುಗಳನ್ನು ಬದಲಿಸುವ ಅಥವಾ ರದ್ದುಪಡಿಸುವ ಹಕ್ಕು ಸಂಸತ್ತಿಗಿದೆ. ಆ ಹಕ್ಕನ್ನು ಸದಸ್ಯರು ನಿಜವಾಗಿ ಚಲಾಯಿಸಿ, ಸಂಖ್ಯೆ ಮತ್ತು ಶಿಕ್ಷೆಗಳಿಗೆ ಕೊಟ್ಟಷ್ಟೇ ಗಮನವನ್ನು ನಿಯಮ, ವಿನಾಯಿತಿಗಳಿಗೂ ಕೊಟ್ಟಾಗ ಶಸ್ತ್ರ ನಿಯಂತ್ರಣ ಜನಪ್ರತಿನಿಧಿಗಳ ಶಾಸನವಾಗುತ್ತದೆ. ಅಲ್ಲಿಯವರೆಗೆ ಅದು ಮುಖ್ಯವಾಗಿ ಸಚಿವಾಲಯ ಮತ್ತು ಜಿಲ್ಲಾ ಕಚೇರಿಗಳ ಆಡಳಿತವಾಗಿಯೇ ಉಳಿಯುತ್ತದೆ.