ಕಾಲೇಜು ಶಿಕ್ಷಣಕ್ಕೆ ಆರ್ಥಿಕ ನೆರವು: ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಪಾಲಕರು ಹಾಗೂ ವಿದ್ಯಾರ್ಥಿಗಳ ಗಮನಕ್ಕೆ

1. ಪೀಠಿಕೆ

ಎಸ್.ಎಸ್.ಎಲ್.ಸಿ. ನಂತರದ ಶಿಕ್ಷಣಕ್ಕಾಗಿ ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಊಟ-ವಸತಿ ಸಹಾಯ ಹಾಗೂ ಶೈಕ್ಷಣಿಕ ಸಾಲದ ಯೋಜನೆಗಳನ್ನು ಜಾರಿಗೊಳಿಸಿವೆ. ಅರ್ಹತೆ ಇದ್ದೂ ನೆರವು ಕೈಸೇರದ ಪ್ರಕರಣಗಳಲ್ಲಿ ಕಾರಣ ಅನೇಕ ವೇಳೆ ಅರ್ಜಿಯ ತಿರಸ್ಕಾರವಾಗಿರುವುದಿಲ್ಲ. ಒಂದು ದಾಖಲೆಯಲ್ಲಿರುವ ಹೆಸರು ಇನ್ನೊಂದು ದಾಖಲೆಯ ಹೆಸರಿಗೆ ಹೊಂದದಿರುವುದು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು ಇಂತಹ ಕಾರಣಗಳಾಗಿರುತ್ತವೆ. ಇವೆಲ್ಲವೂ ಅರ್ಜಿ ಸಲ್ಲಿಸುವ ಮುನ್ನವೇ ಸರಿಪಡಿಸಬಹುದಾದವು.

ಕರಾವಳಿಯ ಕುಟುಂಬಗಳಿಗೆ ಈ ಪೂರ್ವಸಿದ್ಧತೆ ಇನ್ನೂ ಮುಖ್ಯವಾಗಿದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಪ್ರತಿ ವರ್ಷ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ನಿಷೇಧವಿರುತ್ತದೆ. ಕಾಲೇಜು ಪ್ರವೇಶದ ಶುಲ್ಕ ಭರಿಸಬೇಕಾದ ದಿನಗಳೂ ಬಹುತೇಕ ಅವೇ ಆಗಿರುತ್ತವೆ. ಬೇಸಾಯ ನಂಬಿದ ಮನೆಗಳಲ್ಲಿಯೂ ಅದು ಬಿತ್ತನೆ ಮತ್ತು ನಾಟಿಯ ಖರ್ಚಿನ ಕಾಲ. ವಿದ್ಯಾರ್ಥಿವೇತನದ ಹಣವು ಸಾಮಾನ್ಯವಾಗಿ ಪ್ರವೇಶದ ದಿನ ಬರುವುದಿಲ್ಲ. ಕಾಲೇಜಿನ ದೃಢೀಕರಣ ಮತ್ತು ಇಲಾಖೆಯ ಮಂಜೂರಾತಿಯ ನಂತರ, ಕೆಲವು ಸಂದರ್ಭಗಳಲ್ಲಿ ಶೈಕ್ಷಣಿಕ ವರ್ಷದ ಕೊನೆಯಲ್ಲಿ ಜಮಾ ಆಗುತ್ತದೆ. ಆದುದರಿಂದ ಪಾಲಕರು ಪ್ರವೇಶದ ವೇಳೆಯ ಖರ್ಚನ್ನು ಬೇರೆಯಾಗಿಯೇ ಲೆಕ್ಕಹಾಕಿಕೊಳ್ಳುವುದು ಸೂಕ್ತ.

2. ಪ್ರಮುಖ ಯೋಜನೆಗಳು

ಅ) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ: ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಆಯಾ ಕಲ್ಯಾಣ ಇಲಾಖೆಗಳ ಮೂಲಕ ಮಂಜೂರಾಗುತ್ತದೆ. ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್.ಎಸ್.ಪಿ.) ಸಲ್ಲಿಸತಕ್ಕದ್ದು. 2021ರಲ್ಲಿ ಪರಿಷ್ಕೃತವಾದ ಕೇಂದ್ರ ಮಾರ್ಗಸೂಚಿಯಂತೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕುಟುಂಬದ ವಾರ್ಷಿಕ ಆದಾಯ ಮಿತಿ ರೂ. 2.50 ಲಕ್ಷ. ಶುಲ್ಕದ ಜೊತೆಗೆ ಕೋರ್ಸಿನ ಗುಂಪು ಮತ್ತು ವಸತಿಯನ್ನು ಅವಲಂಬಿಸಿ ವರ್ಷಕ್ಕೆ ರೂ. 2,500 ರಿಂದ ರೂ. 13,500 ರವರೆಗೆ ಶೈಕ್ಷಣಿಕ ಭತ್ಯೆಯನ್ನು ಆ ಮಾರ್ಗಸೂಚಿಯಲ್ಲಿ ನಿಗದಿಪಡಿಸಲಾಗಿದೆ. ಅಂಕೋಲಾ ತಾಲ್ಲೂಕಿನಲ್ಲಿಯೂ ನೆಲೆಸಿರುವ ಸಿದ್ದಿ ಸಮುದಾಯವು 2003ರಿಂದ ಪರಿಶಿಷ್ಟ ವರ್ಗದ ಪಟ್ಟಿಯಲ್ಲಿದ್ದು, ಈ ವಿದ್ಯಾರ್ಥಿಗಳು ಪರಿಶಿಷ್ಟ ವರ್ಗದಡಿ ಅರ್ಜಿ ಸಲ್ಲಿಸಬೇಕು. ಹಿಂದುಳಿದ ವರ್ಗಗಳಲ್ಲಿ ಆದಾಯ ಮಿತಿಯು ಪ್ರವರ್ಗ ಮತ್ತು ಯೋಜನೆಗೆ ತಕ್ಕಂತೆ ಬೇರೆಯಾಗಬಹುದಾದ್ದರಿಂದ ಆ ವರ್ಷದ ಅಧಿಸೂಚನೆಯನ್ನೇ ನೋಡಿಕೊಳ್ಳಬೇಕು.

ಆ) ವಿದ್ಯಾಸಿರಿ: 2013-14ನೇ ಸಾಲಿನಲ್ಲಿ ಆರಂಭವಾದ ಊಟ ಮತ್ತು ವಸತಿ ಸಹಾಯ ಯೋಜನೆ. ಸರ್ಕಾರಿ ವಿದ್ಯಾರ್ಥಿ ನಿಲಯದಲ್ಲಿ ಪ್ರವೇಶ ದೊರೆಯದೆ ಹೊರಗೆ ಉಳಿದು ಓದುವ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ತಿಂಗಳಿಗೆ ರೂ. 1,500ರಂತೆ 10 ತಿಂಗಳಿಗೆ ರೂ. 15,000 ನೀಡುವ ರೀತಿಯಲ್ಲಿ ಇದನ್ನು ರೂಪಿಸಲಾಯಿತು. ನಿಲಯದ ಸೌಲಭ್ಯ ಮತ್ತು ವಿದ್ಯಾಸಿರಿ ಎರಡನ್ನೂ ಒಟ್ಟಿಗೆ ಪಡೆಯಲು ಅವಕಾಶವಿಲ್ಲ. ಆದ್ದರಿಂದ ಮೊದಲು ನಿಲಯದ ಅರ್ಜಿಯನ್ನು ಸಲ್ಲಿಸಿ, ಆಯ್ಕೆ ಪಟ್ಟಿಯನ್ನು ನೋಡಿ ಮುಂದುವರಿಯುವುದು ಒಳಿತು.

ಇ) ರೈತ ವಿದ್ಯಾನಿಧಿ: 2021ರಲ್ಲಿ ರೈತರ ಮಕ್ಕಳಿಗಾಗಿ ಘೋಷಿಸಲಾದ ಯೋಜನೆ. ಆಗ ನಿಗದಿಯಾದ ದರದಂತೆ ಪಿ.ಯು.ಸಿ., ಐ.ಟಿ.ಐ. ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ರೂ. 2,500 (ವಿದ್ಯಾರ್ಥಿನಿಯರಿಗೆ ರೂ. 3,000), ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವಿಗೆ ರೂ. 5,000 (ರೂ. 5,500), ಎಂಜಿನಿಯರಿಂಗ್, ವೈದ್ಯಕೀಯ ಮತ್ತು ಸ್ನಾತಕೋತ್ತರ ಶಿಕ್ಷಣಕ್ಕೆ ರೂ. 10,000 (ರೂ. 11,000). ರೈತರ ನೋಂದಣಿ ಸಂಖ್ಯೆ (ಎಫ್.ಐ.ಡಿ.) ಇದಕ್ಕೆ ಆಧಾರ. ಜಂಟಿ ಪಹಣಿ ಇದ್ದು ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದಲ್ಲಿ, ತಂದೆ ಅಥವಾ ತಾಯಿಯ ಹೆಸರಿನಲ್ಲಿ ಎಫ್.ಐ.ಡಿ. ಇದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ಮಂಜೂರಾತಿಯು ಆಯಾ ವರ್ಷದ ಸರ್ಕಾರಿ ಆದೇಶಕ್ಕೆ ಒಳಪಟ್ಟಿರುತ್ತದೆ.

ಈ) ಕೇಂದ್ರ ವಲಯದ ವಿದ್ಯಾರ್ಥಿವೇತನ: ಜಾತಿ ಆಧಾರಿತವಲ್ಲ. ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ಮಂಡಳಿಯ ಮೇಲಿನ ಶೇ. 20ರ ಶ್ರೇಣಿಯೊಳಗೆ ಬಂದು, ಕುಟುಂಬದ ಆದಾಯ ರೂ. 4.50 ಲಕ್ಷ ಮೀರದ ವಿದ್ಯಾರ್ಥಿಗಳು ರಾಷ್ಟ್ರೀಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎನ್.ಎಸ್.ಪಿ.) ಅರ್ಜಿ ಸಲ್ಲಿಸಬಹುದು. ಪದವಿ ಹಂತದಲ್ಲಿ ವರ್ಷಕ್ಕೆ ರೂ. 12,000 ದೊರೆಯುತ್ತದೆ. ಪ್ರತಿ ವರ್ಷದ ನವೀಕರಣಕ್ಕೆ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಅವಶ್ಯ. ಇದು ಎಸ್.ಎಸ್.ಪಿ.ಗಿಂತ ಬೇರೆಯಾದ ತಂತ್ರಾಂಶ. ಒಂದರಲ್ಲಿ ಸಲ್ಲಿಸಿದ ಅರ್ಜಿ ಇನ್ನೊಂದಕ್ಕೆ ವರ್ಗವಾಗುವುದಿಲ್ಲ.

ಉ) ಬೋಧನಾ ಶುಲ್ಕ ವಿನಾಯಿತಿ (ಎಸ್.ಎನ್.ಕ್ಯೂ.): ಎಂಜಿನಿಯರಿಂಗ್ ಮೊದಲಾದ ತಾಂತ್ರಿಕ ಕೋರ್ಸುಗಳಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿಗೆ ಅನ್ವಯಿಸುತ್ತದೆ. ಆದಾಯ ಮಿತಿ ರೂ. 8 ಲಕ್ಷ. ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ. ಇತರ ಶುಲ್ಕಗಳನ್ನು ಪಾವತಿಸಬೇಕು. ಸಿ.ಇ.ಟಿ. ಅರ್ಜಿಯ ಹಂತದಲ್ಲಿಯೇ ಕೋರಿಕೆ ದಾಖಲಾಗಿರಬೇಕಾದ್ದರಿಂದ ಫಲಿತಾಂಶದ ನಂತರ ವಿಚಾರಿಸಿದಲ್ಲಿ ಪ್ರಯೋಜನವಾಗದು.

3. ಹೆಸರು ಒಂದೇ ರೀತಿ ಇರುವುದು

ಈ ಭಾಗದಲ್ಲಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಪೂರ್ಣ ಹೆಸರು ಬರೆಯುವ ರೂಢಿ ಇದೆ. ಆಧಾರ್‌ನಲ್ಲಿ ಇದೇ ಹೆಸರು ಇನಿಷಿಯಲ್‌ನೊಂದಿಗೆ ಚಿಕ್ಕದಾಗಿ, ಅಥವಾ ತಂದೆಯ ಹೆಸರಿಲ್ಲದೆ ದಾಖಲಾಗಿರಬಹುದು. ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತವೂ ಬದಲಾಗುತ್ತಿರುತ್ತದೆ. ನಾಯ್ಕ ಮತ್ತು ನಾಯಕ ಎಂಬವು ಬೇರೆ ಬೇರೆ ಅಡ್ಡಹೆಸರುಗಳಾಗಿದ್ದರೂ ನಾಯ್ಕ ಎಂಬಲ್ಲಿ ನಾಯಕ ಎಂದು ಅಚ್ಚಾಗಿರುವುದುಂಟು. ಗೌಡ ಎಂಬುದನ್ನು ಮೂರು ರೀತಿಯಲ್ಲಿ ಬರೆಯುವುದುಂಟು. ಹರಿಕಂತ್ರ ಎಂಬುದು ಒಂದೆಡೆ ಹರಿಕಾಂತ ಎಂದಾಗಿರುವುದೂ ಉಂಟು. ಮನೆಯವರ ಕಣ್ಣಿಗೆ ಇದು ಅದೇ ಹೆಸರು. ತಂತ್ರಾಂಶಕ್ಕೆ ಅದು ಬೇರೊಬ್ಬ ವ್ಯಕ್ತಿ.

ಸಾಮಾನ್ಯವಾಗಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಮೂಲವೆಂದು ಹಿಡಿದು, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಅಂಕಪಟ್ಟಿಯಲ್ಲಿಯೇ ತಪ್ಪಿದ್ದಲ್ಲಿ ಮೊದಲು ಶಾಲೆಯ ಮೂಲಕ ಅದರ ತಿದ್ದುಪಡಿ ಆಗಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಜನ್ಮ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಸಾಮಾನ್ಯ ಅವಕಾಶವಿದೆ. ಆದುದರಿಂದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅಕ್ಷರ ಅಕ್ಷರ ನೋಡಿಯೇ ತಿದ್ದುಪಡಿ ಮಾಡಿಸಬೇಕು. ಅವಸರದಲ್ಲಿ ಮಾಡಿಸಿದ ತಪ್ಪು ತಿದ್ದುಪಡಿಯಿಂದ ಉಳಿದ ಅವಕಾಶವೂ ಕಳೆದುಹೋಗುತ್ತದೆ.

4. ಜಾತಿ ಮತ್ತು ಆದಾಯ ಪ್ರಮಾಣಪತ್ರ

ನಾಡಕಚೇರಿಯಲ್ಲಿ (ಅಟಲ್‌ಜೀ ಜನಸ್ನೇಹಿ ಕೇಂದ್ರ) ಅಥವಾ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದು. ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯನ್ನು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಮೂದಿಸಿದಾಗ ವಿವರಗಳು ತಾವಾಗಿಯೇ ಪರಿಶೀಲನೆಗೊಳ್ಳುತ್ತವೆ. ಆದ್ದರಿಂದ ಪ್ರಮಾಣಪತ್ರವು ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರಬೇಕು. ಅಣ್ಣ ಅಥವಾ ಅಕ್ಕನ ಹೆಸರಿನಲ್ಲಿ ಪಡೆದ ಪ್ರಮಾಣಪತ್ರ ಉಪಯೋಗಕ್ಕೆ ಬರುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಅವಧಿ ಇದೆ. ಎಂಟನೇ ತರಗತಿಯಲ್ಲಿ ಪಡೆದದ್ದು ಪದವಿಯ ಮೊದಲ ವರ್ಷದ ವೇಳೆಗೆ ಮುಗಿದಿರುತ್ತದೆ.

ಅರ್ಜಿಯು ಸಕಾಲ ಅಧಿನಿಯಮ, 2011ರ ವ್ಯಾಪ್ತಿಗೆ ಬರುತ್ತದೆ. ಸ್ವೀಕೃತಿಯಲ್ಲಿರುವ 15 ಅಂಕಿಗಳ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳಬೇಕು. ನಿಗದಿತ ದಿನಗಳೊಳಗೆ ಸೇವೆ ದೊರೆಯದಿದ್ದಲ್ಲಿ ಆ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸುವ ಹಕ್ಕು ಅರ್ಜಿದಾರರಿಗಿದೆ.

5. ಬ್ಯಾಂಕ್ ಖಾತೆ

ವಿದ್ಯಾರ್ಥಿವೇತನವು ನೇರ ನಗದು ವರ್ಗಾವಣೆಯ ಮೂಲಕ ವಿದ್ಯಾರ್ಥಿಯ ಆಧಾರ್ ಜೋಡಿತ ಖಾತೆಗೆ ಜಮಾ ಆಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ನೀಡಿರುವುದು ಒಂದು ವಿಷಯ, ಎನ್.ಪಿ.ಸಿ.ಐ. ವ್ಯವಸ್ಥೆಯಲ್ಲಿ ಆ ಖಾತೆ ಜೋಡಣೆಯಾಗಿರುವುದು ಮತ್ತೊಂದು. ಎರಡನೆಯದು ಆಗಿರದಿದ್ದಲ್ಲಿ ಮಂಜೂರಾದ ಹಣವೂ ಜಮಾ ಆಗುವುದಿಲ್ಲ. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದಲ್ಲಿ, ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೇ ಹಣ ಹೋಗುತ್ತದೆ.

ಉದಾಹರಣೆಗೆ: ಹಾರವಾಡದ ವಿದ್ಯಾರ್ಥಿನಿಯೊಬ್ಬಳು ಪ್ರೌಢಶಾಲೆಯಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆದ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದಿಟ್ಟುಕೊಳ್ಳೋಣ. ಕಾರವಾರದ ಕಾಲೇಜಿಗೆ ಸೇರಿದ ಮೇಲೆ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು, ಅದಕ್ಕೂ ಆಧಾರ್ ಜೋಡಿಸಲು ಒಪ್ಪಿಗೆ ನೀಡಿದ್ದಾಳೆ. ಮನೆಯವರು ಹಳೆಯ ಪಾಸ್‌ಬುಕ್ಕನ್ನು ಮುದ್ರಿಸಿ ನೋಡಿ ಹಣ ಬಂದಿಲ್ಲವೆಂದು ತಿಳಿಯುತ್ತಾರೆ. ಹಣ ಹೊಸ ಖಾತೆಗೆ ಜಮಾ ಆಗಿರುತ್ತದೆ. ದೂರು ನೀಡುವ ಮೊದಲು ಜೋಡಣೆಯ ಸ್ಥಿತಿಯನ್ನು ಪರಿಶೀಲಿಸಿದಲ್ಲಿ ಹಲವು ಸಲದ ಓಡಾಟ ತಪ್ಪುತ್ತದೆ.

6. ಅರ್ಜಿಯ ಹಂತಗಳು

(1) ಏಪ್ರಿಲ್-ಮೇ ತಿಂಗಳಿನಲ್ಲಿ: ಅಂಕಪಟ್ಟಿ, ಆಧಾರ್, ಪ್ರಮಾಣಪತ್ರ ಮತ್ತು ಪಾಸ್‌ಬುಕ್‌ಗಳನ್ನು ಒಟ್ಟಿಗೆ ಇಟ್ಟು ಹೋಲಿಸುವುದು, ಅವಶ್ಯ ತಿದ್ದುಪಡಿ ಮಾಡಿಸುವುದು.
(2) ಪ್ರವೇಶದ ವೇಳೆಯಲ್ಲಿ: ಶುಲ್ಕದ ರಸೀದಿ ಪಡೆಯುವುದು; ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದ ಸಿಬ್ಬಂದಿಯನ್ನು ಕಾಣುವುದು.
(3) ಅಧಿಸೂಚನೆಯ ನಂತರ: ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಿ, ಅರ್ಜಿ ಸಂಖ್ಯೆಯಿರುವ ಪ್ರತಿಯನ್ನು ಮುದ್ರಿಸಿಕೊಳ್ಳುವುದು. ಪ್ರತಿ ಇಲಾಖೆಯ ಕೊನೆಯ ದಿನಾಂಕ ಬೇರೆಯಾಗಿರಬಹುದು.
(4) ಅರ್ಜಿಯ ನಂತರ: ಕಾಲೇಜಿನಿಂದ ದೃಢೀಕರಣವಾಗಿದೆಯೇ ಎಂದು ನೋಡುವುದು. ಕಾಲೇಜು ದೃಢೀಕರಿಸದ ಅರ್ಜಿ ಇಲಾಖೆಗೆ ತಲುಪುವುದಿಲ್ಲ.
(5) ನೋಂದಾಯಿತ ಮೊಬೈಲ್ ಸಂಖ್ಯೆಯನ್ನು ವರ್ಷದ ಮಧ್ಯದಲ್ಲಿ ಬದಲಿಸದಿರುವುದು. ಒಟಿಪಿಯನ್ನು ಯಾರಿಗೂ ತಿಳಿಸದಿರುವುದು.

7. ಶೈಕ್ಷಣಿಕ ಸಾಲ

ವಿದ್ಯಾರ್ಥಿವೇತನ ಸಾಲದೆ ಹೋದಾಗ ಮಾತ್ರ ಸಾಲದ ವಿಚಾರ ಮಾಡುವುದು ಒಳಿತು. ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ ರೂ. 4 ಲಕ್ಷದವರೆಗೆ ಕುಟುಂಬವು ತನ್ನ ಪಾಲಿನ ಹಣ ಹೂಡಬೇಕಾಗಿಲ್ಲ. ಆಸ್ತಿಯ ಅಡಮಾನವೂ ಬೇಕಿಲ್ಲ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 6 ರಂದು ಅನುಮೋದಿಸಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನ ಮತ್ತು ಜಾಮೀನುದಾರರಿಲ್ಲದೆ ಸಾಲ ನೀಡಲು ಅವಕಾಶವಿದೆ. ಕುಟುಂಬದ ಆದಾಯ ರೂ. 8 ಲಕ್ಷದವರೆಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಪಡೆಯದವರಿಗೆ, ರೂ. 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3 ಬಡ್ಡಿ ಸಹಾಯಧನ ಕಲ್ಪಿಸಲಾಗಿದೆ. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ನೋಡಬೇಕು. ಮರುಪಾವತಿ ವಿದ್ಯಾಭ್ಯಾಸ ಮುಗಿದು ಒಂದು ವರ್ಷದ ನಂತರ ಆರಂಭವಾದರೂ, ಸಹಾಯಧನವಿಲ್ಲದ ಬಡ್ಡಿ ಮೊದಲ ಕಂತಿನಿಂದಲೇ ಬೆಳೆಯುತ್ತದೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೋವಾದ ಕಾಲೇಜಿನಲ್ಲಿ ಓದುವ ಕಾರವಾರದ ವಿದ್ಯಾರ್ಥಿ ಯಾವ ರಾಜ್ಯಕ್ಕೆ ಅರ್ಜಿ ಸಲ್ಲಿಸಬೇಕು?
ಉತ್ತರ: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿಯ ಮೂಲ ವಾಸದ ರಾಜ್ಯವು ನೀಡುತ್ತದೆ. ಉಳಿದ ಯೋಜನೆಗಳ ಬಗ್ಗೆ ಪ್ರವೇಶಕ್ಕೆ ಮೊದಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಪ್ರಶ್ನೆ: ನೆರೆಯಲ್ಲಿ ದಾಖಲೆಗಳು ನಾಶವಾಗಿದ್ದಲ್ಲಿ ಏನು ಮಾಡಬೇಕು?
ಉತ್ತರ: 2019ರ ಆಗಸ್ಟ್ ತಿಂಗಳ ಗಂಗಾವಳಿ ನೆರೆ ಮತ್ತು 2024ರ ಜುಲೈ 16 ರ ಶಿರೂರು ಗುಡ್ಡ ಕುಸಿತದ ಅನುಭವ ಈ ತಾಲ್ಲೂಕಿಗಿದೆ. ಆರ್.ಡಿ. ಸಂಖ್ಯೆ ಗೊತ್ತಿದ್ದಲ್ಲಿ ಪ್ರಮಾಣಪತ್ರವನ್ನು ಪುನಃ ಮುದ್ರಿಸಿಕೊಳ್ಳಬಹುದು. ಅಂಕಪಟ್ಟಿಯ ದ್ವಿಪ್ರತಿಗೆ ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಸಲ್ಲಿಸಬೇಕು. ಮಳೆಗಾಲಕ್ಕೆ ಮುನ್ನ ಎಲ್ಲ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಬೇರೆ ಊರಿನ ಸಂಬಂಧಿಕರ ಬಳಿ ಇಡುವುದು ಹಾಗೂ ಡಿಜಿಲಾಕರ್‌ನಲ್ಲಿ ದಾಖಲೆಗಳನ್ನು ಉಳಿಸುವುದು ಸೂಕ್ತ.

ಪ್ರಶ್ನೆ: ಮೊದಲ ವರ್ಷ ದೊರೆತ ವಿದ್ಯಾರ್ಥಿವೇತನ ಮುಂದಿನ ವರ್ಷ ತಾನಾಗಿಯೇ ಬರುತ್ತದೆಯೇ?
ಉತ್ತರ: ಇಲ್ಲ. ನವೀಕರಣಕ್ಕೆ ಸಂಬಂಧಿಸಿದ ಕ್ರಮವನ್ನು ಪ್ರತಿ ವರ್ಷವೂ ಪೂರ್ಣಗೊಳಿಸಬೇಕು.

ಪ್ರಶ್ನೆ: ಅರ್ಜಿ ಸಲ್ಲಿಸಲು ಮಧ್ಯವರ್ತಿಗಳಿಗೆ ಹಣ ನೀಡಬೇಕೇ?
ಉತ್ತರ: ಬೇಡ. ಮಂಜೂರಾತಿ ಮಾಡಿಸಿಕೊಡುವುದಾಗಿ ಯಾರಾದರೂ ಹಣ ಕೇಳಿದಲ್ಲಿ ನೀಡಬಾರದು. ಮಂಜೂರಾತಿಯು ಅರ್ಹತೆ ಮತ್ತು ದಾಖಲೆಗಳ ಮೇಲೆ ಮಾತ್ರ ಅವಲಂಬಿಸಿದೆ.

9. ಹೆಚ್ಚಿನ ಮಾಹಿತಿಗಾಗಿ

ಮೊದಲು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗವನ್ನು, ನಂತರ ಕಾರವಾರ ಅಥವಾ ಅಂಕೋಲಾದಲ್ಲಿರುವ ಸಂಬಂಧಪಟ್ಟ ಕಲ್ಯಾಣ ಇಲಾಖೆಯ ತಾಲ್ಲೂಕು ಮಟ್ಟದ ಕಚೇರಿಯನ್ನು ಸಂಪರ್ಕಿಸುವುದು. ಬರುವಾಗ ಅರ್ಜಿ ಸಂಖ್ಯೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಪ್ರಮಾಣಪತ್ರ ಮತ್ತು ಪಾಸ್‌ಬುಕ್ ಜೊತೆಗಿರಲಿ. ಈ ಐದೂ ಎದುರಿಗಿದ್ದಲ್ಲಿ ಅರ್ಜಿ ಎಲ್ಲಿ ನಿಂತಿದೆ ಎಂಬುದು ಒಂದೇ ಭೇಟಿಯಲ್ಲಿ ತಿಳಿಯುವ ಸಾಧ್ಯತೆ ಹೆಚ್ಚು. ಶುಲ್ಕ ಕಟ್ಟಲಾಗದೆಂಬ ಕಾರಣಕ್ಕೆ ಪ್ರವೇಶವನ್ನು ಕೈಬಿಡುವ ಮುನ್ನ ಪಾಲಕರು ಒಮ್ಮೆ ಕಚೇರಿಗೆ ಬಂದು ವಿಚಾರಿಸಬೇಕಾಗಿ ಕೋರಲಾಗಿದೆ.