ಸೂರ್ಯನ ಲೆಕ್ಕಕ್ಕೆ ಸಿಗದ ಮೀನು

ಕೃಷ್ಣಾ ದಂಡೆಯ ತಂಗಡಗಿಯಲ್ಲಿ ಬಲೆಗೆ ಬೀಳುವ ಯಾವ ಮೀನನ್ನಾದ್ರೂ ತಗೊಳ್ರಿ, ಅದರ ಊಟದ ಲೆಕ್ಕ ಕೊನೆಗೆ ಸೂರ್ಯನ ಹತ್ರಾನೇ ಹೋಗಿ ನಿಲ್ಲುತ್ತದೆ. ಬಿಸಿಲಿಗೆ ಪಾಚಿ, ಪಾಚಿಗೆ ಹುಳ, ಹುಳಕ್ಕೆ ಸಣ್ಣ ಮೀನು, ಸಣ್ಣದಕ್ಕೆ ದೊಡ್ಡದು. ಸಮುದ್ರದ ತಳದಲ್ಲೂ ಇದೇ ಲೆಕ್ಕ, ಮೇಲಿಂದ ಉದುರಿದ್ದೇ ಕೆಳಗಿನವರ ಊಟ ಅಂತ 1977ರ ತನಕ ತಿಳಿದಿದ್ದರು.

ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ಗಾಮಿ ಗ್ಯಾಲಪಗೋಸ್ ಹತ್ತಿರ ಸುಮಾರು 2500 ಮೀಟರ್ ಆಳಕ್ಕೆ ಇಳಿಯಿತು. ಹೋದವರು ಬಿಸಿನೀರಿನ ಬುಗ್ಗೆ ಹುಡುಕುವ ಭೂವಿಜ್ಞಾನಿಗಳು. ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ! ಬುಗ್ಗೆ ಸಿಕ್ಕಿತು, ಸುತ್ತ ಚಿಪ್ಪುಜೀವಿ, ಏಡಿ, ಕೊಳವೆಹುಳ, ಮೀನುಗಳ ಸಂತೆಯೇ ನೆರೆದಿತ್ತು.

ಕತ್ತಲಲ್ಲಿ ಅಡಿಗೆ ಮಾಡೋರು ಯಾರು? ಬ್ಯಾಕ್ಟೀರಿಯಾ. ಬಿರುಕಿನಲ್ಲಿ ಇಳಿದ ಸಮುದ್ರದ ನೀರು ಕಾದು, ಗಂಧಕ, ಲೋಹ ಹೊತ್ತು ಮೇಲೆ ಬರುತ್ತದೆ. ಅದರ ಹೈಡ್ರೋಜನ್ ಸಲ್ಫೈಡಿನಿಂದ ಇವು ಆಹಾರ ಕಟ್ಟುತ್ತವೆ. ನೀಲಮ್ಮನ ಮಂಟಪವಿರುವ ಊರಿನ ಮಾತಲ್ಲಿ ಹೇಳೋದಾದ್ರೆ, ಕಾಯಕ ಅವುಗಳದು, ದಾಸೋಹ ಎಲ್ಲರಿಗೂ. ಅದಕ್ಕೆ ಬೇಕಾದ ಆಮ್ಲಜನಕ ಮಾತ್ರ ಬಿಸಿಲಿನ ಲೋಕದಿಂದಲೇ ಇಳಿದು ಬಂದದ್ದು.

ಇಲ್ಲಿನ ಮೀನು 350 ಡಿಗ್ರಿ ನೀರಲ್ಲಿ ಈಜುತ್ತದೆ ಅಂದ್ಕೋಬೇಡಿ. ಪೆಸಿಫಿಕ್ಕಿನ ‘ಥರ್ಮಾರ್ಸಿಸ್ ಸರ್ಬೆರಸ್’ ಇರುವುದು ಬಿಸಿನೀರು ತಣ್ಣೀರಿಗೆ ಬೆರೆಯುವ ಅಂಚಿನ ಕೊಳವೆಹುಳಗಳ ನಡುವೆ. ಗ್ರೀಕರ ಪಾತಾಳ ಕಾಯುವ ನಾಯಿಯ ಹೆಸರು ಅದಕ್ಕೆ. ಸಣ್ಣ ಬಸವನಹುಳು, ಸಿಗಡಿಯಂಥ ಜೀವಿಗಳು ಅದರ ಊಟ. ಪಂಜರ ಮುಚ್ಚಿ ಅದನ್ನು ದೂರವಿಟ್ಟು ನೋಡಿದರೆ ಬಸವನಹುಳುಗಳ ಲೆಕ್ಕವೇ ಏರುಪೇರಾಯಿತು. ಅಂದ್ರೆ ಮೀನು ಅಲ್ಲಿ ಬರೀ ಅತಿಥಿ ಅಲ್ಲ, ಮನೆಯ ತೂಕ ಕಾಯೋದೂ ಅದೇ.

ಇಂಥ ಬುಗ್ಗೆ ನಮ್ಮಲ್ಲೂ ಇತ್ತು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ನೀರೊಳಗೆ ಉಕ್ಕಿ ದಿಂಬಿನಂತೆ ಗಟ್ಟಿಯಾದ ಲಾವಾ ಇದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಪಕ್ಕದ ಇಂಗಳದಾಳದ ತಾಮ್ರದ ಅದಿರೂ ಅಂಥ ಹಳೆಯ ಸಮುದ್ರತಳದ ಬುಗ್ಗೆಗಳ ಗಂಟು ಎಂದು ಹಲವು ಭೂವಿಜ್ಞಾನಿಗಳು ಓದುತ್ತಾರೆ. ಆಗ ಮೀನು ಎಂಬ ಜೀವವೇ ಹುಟ್ಟಿರಲಿಲ್ಲ. ಇಂಗಳದಾಳದಲ್ಲಿ ಗಣಿ ತೋಡಿದಾಗ ಬುಗ್ಗೆಯ ಯಾವ ಜೀವಿಯ ಮನೆಯೂ ಹೋಗಲಿಲ್ಲ.

ಈಗಿನ ಮಾತು ಬೇರೆ. 2016ರ ಸೆಪ್ಟೆಂಬರಿನಲ್ಲಿ ಭಾರತ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರಿನಲ್ಲಿ ಇದೇ ಸಲ್ಫೈಡ್ ಅದಿರನ್ನು 15 ವರ್ಷ ಹುಡುಕುವ ಹಕ್ಕು ಅದು, ಅಗೆಯುವ ಹಕ್ಕಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಅಲ್ಲಿ 4500 ಮೀಟರ್ ಆಳದ ಜೀವಂತ ಬುಗ್ಗೆಯ ಚಿತ್ರ ತಂದರು. ಹೆಮ್ಮೆಯ ಕೆಲಸವೇ. ಆದರೆ ಅದೇ ಸಾಗರದ ಬುಗ್ಗೆಗಳಲ್ಲಷ್ಟೇ ಬದುಕುವ, ಕಬ್ಬಿಣದ ಹುರುಪೆಯ ಬಸವನಹುಳು 2019ರಲ್ಲೇ ಅಪಾಯದ ಪಟ್ಟಿ ಸೇರಿದೆ. ಸಮುದ್ರತಳದ ಗಣಿಗಾರಿಕೆಯ ಭಯಕ್ಕೆ ಪಟ್ಟಿ ಸೇರಿದ ಮೊದಲ ಜೀವಿ ಅದು.

ಚಿತ್ರದುರ್ಗದಲ್ಲಿ ಅಗೆದದ್ದು ಆರಿದ ಒಲೆ. ಅಲ್ಲಿ ಕೆಳಗೆ ಒಲೆ ಇನ್ನೂ ಉರೀತಿದೆ, ಪಂಕ್ತಿಯಲ್ಲಿ ಕೂತವರು ಉಣ್ಣುತ್ತಿದ್ದಾರೆ. ಹಾರೆ ಎತ್ತುವ ಮುಂಚೆ ಯಾವುದು ಆರಿದ್ದು, ಯಾವುದು ಉರಿಯೋದು ಅಂತ ನೋಡಬೇಕಾದ್ದು ನಾವೇ.